ಮಕ್ತಲಿನ ಪಡಸಾಲೆಯಲ್ಲಿ ‘ಚಿದಂಬರ ರಹಸ್ಯ’

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕಾದಂಬರಿಯನ್ನು ಗಿರೀಶ ಕಾರ್ನಾಡರು 2005ರಲ್ಲಿ ದೂರದರ್ಶನಕ್ಕಾಗಿ ಟೆಲಿಚಿತ್ರವಾಗಿ ಮಾಡಿದರು. ಅದನ್ನು ಕುರಿತು ಬೆಂಗಳೂರು, ಮೈಸೂರಿನ ವಿಮರ್ಶಕರು ಏನೆಂದರು ಎಂಬುದನ್ನು ಹೇಳಲು ನಾನು ಹೊರಟಿಲ್ಲ. ತೆಲಂಗಾಣದ ಮಕ್ತಲಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ನೋಡಿದ ಐದಾರು ಮಂದಿ ಏನೆಂದರು ಎಂಬುದೇ ನನ್ನ ವಿಷಯ. ನೋಡುಗರ ಮಾತು ಗಾಳಿಗೆ ಹೋಗುವಂಥದ್ದು. ಆ ಐದಾರು ಮಂದಿಯಲ್ಲಿ ಇಬ್ಬರು ಈಗ ಇಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲು ನಮ್ಮ ಊರುಗಳ ವಿಚಾರ. ಕಾಸರಗೋಡಿನ ಓದುಗರಿಗೆ 1956ರ ನವೆಂಬರ್ 1 ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮಗೆ ಆದಂತೆಯೇ ನಮಗೂ ಆಯಿತು. ಅಂದಿನವರೆಗೆ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಮಾತ್ರ ಆಂಧ್ರಕ್ಕೆ ಬಂದು ಮಹಬೂಬನಗರ ಜಿಲ್ಲೆಗೆ ಸೇರಿದವು. ನಾರಾಯಣಪೇಟೆ ಮತ್ತು ಮಕ್ತಲ್ ಮೊದಲಿಂದಲೂ ಮಹಬೂಬನಗರದವೇ. ನನ್ನ ತಾಯಿಯ ತವರು ಗದ್ವಾಲ್. ಅಜ್ಜ ಮನೆ ಬದಲಿಸದೆ ಜಿಲ್ಲೆ ಬದಲಿಸಿದ ಮನುಷ್ಯ. 2016ರಲ್ಲಿ ಗದ್ವಾಲ್ ತಾನೇ ಜಿಲ್ಲಾ ಕೇಂದ್ರವಾಯಿತು, 2019ರಲ್ಲಿ ನಾರಾಯಣಪೇಟೆಯೂ ಆಯಿತು. ಅಜ್ಜ ಇದ್ದಿದ್ದರೆ ನಕ್ಕುಬಿಡುತ್ತಿದ್ದನೋ ಏನೋ.

ದೂರದರ್ಶನವೂ ನಮಗೆ ಈ ಗೆರೆಯ ಲೆಕ್ಕದಲ್ಲೇ ಬಂತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳನ್ನು ಆರಿಸಿಕೊಂಡಿದ್ದರು, ಆಂಧ್ರದಲ್ಲಿ ಆರಿಸಿದವುಗಳಲ್ಲಿ ಮಹಬೂಬನಗರವೂ ಒಂದು. ಕೃಷ್ಣೆಯ ಆಚೆ ರಾಯಚೂರಿನ ಹಳ್ಳಿಗಳಲ್ಲಿ ಪೆಟ್ಟಿಗೆ ಕನ್ನಡ ಮಾತಾಡಿತು, ಈಚೆ ನಮ್ಮಲ್ಲಿ ತೆಲುಗು. ಆ ಪ್ರಯೋಗದ ಕಾಲದಲ್ಲಿ ಸಮಾಜಶಾಸ್ತ್ರ ಓದಿದವರು ಕೆಲವು ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಉಳಿದು, ಜನ ಏನು ನೋಡಿದರು, ಏನು ತಿಳಿದುಕೊಂಡರು ಎಂದು ಕೇಳಿ ಬರೆದುಕೊಂಡರು. ನೋಡುಗರ ಅಭಿಪ್ರಾಯವನ್ನು ಅಷ್ಟು ಶ್ರದ್ಧೆಯಿಂದ ಕೇಳಿದ್ದು ನಮ್ಮ ದೇಶದಲ್ಲಿ ಅಪರೂಪ. ಆದರೆ ಮನೆಯಲ್ಲಿ ಕನ್ನಡ ಆಡುವವನೂ ಅಲ್ಲಿ ತೆಲುಗು ಪ್ರೇಕ್ಷಕನೇ.

ಮುಂದೆ 1977ರಲ್ಲಿ ಗುಲ್ಬರ್ಗಾ ಮತ್ತು ಹೈದರಾಬಾದ್ ಎರಡರಲ್ಲೂ ಕೇಂದ್ರಗಳು ಶುರುವಾದವು. ನಮಗೆ ಸಿಕ್ಕದ್ದು ಹೈದರಾಬಾದ್, ಮತ್ತು ದೆಹಲಿಯ ಹಿಂದಿ. ಹಿಂದಿ ನಮಗೆ ಕಷ್ಟವಾಗಲಿಲ್ಲ. ನಿಜಾಮನ ಕಾಲದ ಉರ್ದು ಇನ್ನೂ ಸಂತೆಯಲ್ಲಿ ಓಡಾಡುತ್ತಿತ್ತು. 1985ರ ‘ಕರಮ್‌ಚಂದ್’ನ ಗಜ್ಜರಿ ತಿನ್ನುವ ಪತ್ತೇದಾರನನ್ನು ನನಗಿಂತ ಹಿರಿಯರು ಅನುಕರಿಸಿ ತೋರಿಸುತ್ತಿದ್ದರು. 1993ರಲ್ಲಿ ಬಾಸು ಚಟರ್ಜಿಯವರ ‘ವ್ಯೋಮಕೇಶ ಬಕ್ಷಿ’ ಬಂದಾಗ ನಾನು ಶಾಲೆಯ ಹುಡುಗ. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳು ಹಿಂದಿಯಲ್ಲಿ ಬಂದವು, ನಾವು ಅವನ್ನು ಕನ್ನಡದಲ್ಲಿ ಚರ್ಚಿಸಿದೆವು. ನನ್ನ ಕಾಕಾ ಮಾತ್ರ ಒಪ್ಪುತ್ತಿರಲಿಲ್ಲ. “ನಮ್ಮ ಪುರುಷೋತ್ತಮನ ಮುಂದ ಇಂವ ಏನೂ ಅಲ್ಲ” ಎನ್ನುವುದು ಅವನ ವಾದ. ಪುರುಷೋತ್ತಮ ಎಂದರೆ ಎನ್. ನರಸಿಂಹಯ್ಯನವರ ಪತ್ತೇದಾರ. ರಾಯಚೂರಿಗೆ ಹೋದಾಗಲೆಲ್ಲ ಕಾಕಾ ಬಸ್‌ ಸ್ಟ್ಯಾಂಡಿನಲ್ಲಿ ಆ ಕಾದಂಬರಿಗಳನ್ನು ಕೊಂಡು ತರುತ್ತಿದ್ದ. ನಮ್ಮ ಮನೆಯಲ್ಲಿ ಕನ್ನಡ ಅಕ್ಷರ ಉಳಿದದ್ದು ಪುರಾಣದಿಂದ ಎಷ್ಟೋ, ಈ ಪತ್ತೇದಾರಿ ಪುಸ್ತಕಗಳಿಂದಲೂ ಅಷ್ಟೇ. ಇದನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಶ್ ಬಂತು. ಅದುವರೆಗೆ ಕೇಬಲ್ಲಿನವನು ಕೊಟ್ಟದ್ದೇ ಪ್ರಸಾದ. ಕನ್ನಡ ಚಾನಲ್ ಕೇಳಿದರೆ “ನೀವು ನಾಲ್ಕು ಮನಿಯವರು, ನಾಲ್ಕು ಮನಿಗಾಗಿ ಹಾಕ್ಲೇನು?” ಎನ್ನುತ್ತಿದ್ದ. ಅವನ ಲೆಕ್ಕವೂ ತಪ್ಪೆನ್ನಲಾರೆ. ಮಾಳಿಗೆಯ ಮೇಲೆ ಡಿಶ್ ಕೂಡಿಸಿದ ಮೇಲೆ ಬೆಂಗಳೂರು ದೂರದರ್ಶನ ನೇರವಾಗಿ ಮನೆಗೆ ಬಂತು. ‘ಚಿದಂಬರ ರಹಸ್ಯ’ವನ್ನು ನಾವು ನೋಡಿದ್ದು ಹಾಗೆ.

ಕಾದಂಬರಿ 1985ರದು, 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲೆನಾಡಿನ ಕೇಸರೂರು ಎಂಬ ಊರಿನಲ್ಲಿ ಏಲಕ್ಕಿ ಬೆಳೆ ನೆಲಕಚ್ಚುತ್ತಿದೆ, ಏಲಕ್ಕಿ ಸಂಶೋಧನೆಯ ವಿಜ್ಞಾನಿ ಜೋಗಿಹಾಳ ನಿಗೂಢವಾಗಿ ಸತ್ತಿದ್ದಾನೆ, ಅಂಗಡಿ ಎಂಬ ಅಧಿಕಾರಿ ಪತ್ತೆಗೆ ಬರುತ್ತಾನೆ. ಇದು ಬರೀ ಕಲ್ಪನೆಯ ಎಳೆಯಲ್ಲ. ಏಲಕ್ಕಿಗೆ ತಗಲುವ ‘ಕಟ್ಟೆ’ ರೋಗ ಎಷ್ಟು ಹಳೆಯದೆಂದರೆ ವಿಜ್ಞಾನದ ಪುಸ್ತಕಗಳಲ್ಲೂ ಅದಕ್ಕೆ ಈ ಕನ್ನಡ ಹೆಸರೇ ಇದೆ. ಗ್ವಾಟೆಮಾಲಾ ದೇಶದ ಏಲಕ್ಕಿ ನಮ್ಮದನ್ನು ಜಗತ್ತಿನ ಪೇಟೆಯಲ್ಲಿ ಹಿಂದಕ್ಕೆ ತಳ್ಳಿದ್ದೂ ಆ ವರ್ಷಗಳಲ್ಲೇ. ಕಾದಂಬರಿಯಲ್ಲಿ ಪತ್ತೇದಾರಿಕೆಯ ಸುತ್ತ ಊರಿನ ಜಾತಿ, ಮತ, ಮರದ ವ್ಯಾಪಾರ, ಮೂಢನಂಬಿಕೆ, ಕ್ರಾಂತಿಯ ಕನಸಿನ ಹುಡುಗರು ಎಲ್ಲರೂ ಸೇರಿಕೊಳ್ಳುತ್ತಾರೆ. ಕೊನೆಗೆ ಬೆಂಕಿ.

ಟೆಲಿಚಿತ್ರ ಮುಗಿದ ಕೂಡಲೇ ಮೊದಲ ತೀರ್ಪು ಕಾಕಾನದು. “ಪತ್ತೇದಾರ ಬಂದ ಮ್ಯಾಲೆ ಕೊಲೆಗಾರಗ ಬೇಡಿ ಬೀಳಬೇಕು. ಬೀಳಲಿಲ್ಲಂದ್ರ ಇದೆಂಥ ಪತ್ತೇದಾರಿ?” ಎಂದ. ಪುರುಷೋತ್ತಮನನ್ನು ಓದಿದವನಿಗೆ ಇದು ದೊಡ್ಡ ಮೋಸ. ಪಕ್ಕದ ಮನೆಯ ತೆಲುಗು ಮೇಷ್ಟ್ರು ನಮ್ಮೊಂದಿಗೆ ಕೂತು ನೋಡಿದ್ದರು. ‘ಚಿದಂಬರ ರಹಸ್ಯ’ ಎಂಬ ನುಡಿಗಟ್ಟು ತೆಲುಗಿನಲ್ಲೂ ಇದೆ. ಅವರು ಹೇಳಿದರು: “ಪರದೆ ಸರಿಸಿದರೆ ಒಳಗೆ ಬಯಲು ಎಂದು ಹೆಸರಿನಲ್ಲೇ ಹೇಳಿದ್ದಾರಲ್ಲ, ನೀವೇಕೆ ಸಿಟ್ಟಾಗುತ್ತೀರಿ?” ಕಾಕಾಗೆ ಸಮಾಧಾನವಾಗಲಿಲ್ಲ. ಕಾಕಾನ ಆಕ್ಷೇಪಣೆಯಲ್ಲಿ ಹುರುಳಿದೆ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ. ಪತ್ತೇದಾರಿ ಎಂದು ಕರೆದು ಕೂಡಿಸಿದ ಮೇಲೆ ಓದುಗನಿಗೂ ನೋಡುಗನಿಗೂ ಒಂದು ಮಾತು ಕೊಟ್ಟಂತಾಗುತ್ತದೆ. ಆದರೆ ತೇಜಸ್ವಿ ಕೇಳುತ್ತಿರುವುದು ಒಬ್ಬನನ್ನು ಯಾರು ಕೊಂದರು ಎಂದಲ್ಲ, ಒಂದು ಊರನ್ನು ಯಾರು ಕೊಂದರು ಎಂದು. ಅದಕ್ಕೆ ಬೇಡಿ ಯಾರ ಕೈಗೆ?

ಅವ್ವನದು ಬೇರೆ ತಕರಾರು. “ಇದು ನಮ್ಮ ಕನ್ನಡ ಅಲ್ಲ” ಎಂದಳು. ಏಲಕ್ಕಿ ಅವಳಿಗೆ ಡಬ್ಬಿಯಲ್ಲಿ ಗೊತ್ತು, ಗಿಡದಲ್ಲಿ ಗೊತ್ತಿಲ್ಲ. ಮಲೆನಾಡು ಎಂದರೆ ಆಂಧ್ರಕ್ಕಿಂತ ದೂರ. ಸುಲೇಮಾನ ಬ್ಯಾರಿಯ ಪ್ರಸಂಗದಲ್ಲಿ “ಬ್ಯಾರಿ ಅಂದ್ರ ಏನೊ, ಅಡ್ಡಹೆಸರೇನು?” ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಸಂಚಿಕೆಯ ಓದುಗರು ನಕ್ಕಾರು. ಬ್ಯಾರಿಗಳ ನೆರೆಯಲ್ಲೇ ಬದುಕುವ ನಿಮ್ಮಲ್ಲೊಬ್ಬರು ಅಂದು ನಮ್ಮ ಪಡಸಾಲೆಯಲ್ಲಿ ಇರಬೇಕಿತ್ತು.

ಆಗ ಗದ್ವಾಲಿನಿಂದ ಬಂದಿದ್ದ ಅತ್ತಿ, ಅಂದರೆ ನನ್ನ ಸೋದರಮಾವನ ಹೆಂಡತಿ, ಸುಮ್ಮನೆ ಕೂತಿದ್ದವಳು ಬಾಯಿ ತೆರೆದಳು. “ಅಲ್ಲ, ಜೋಗಿಹಾಳ ಅಂತಾರ, ಅಂಗಡಿ ಅಂತಾರ, ಇವು ಮಲೆನಾಡ ಹೆಸರೇನು? ಇವೆಲ್ಲ ನಮ್ಮ ಕಡೀವು. ಸತ್ತಾಂವನೂ ನಮ್ಮಾಂವ, ಹುಡುಕಾಂವನೂ ನಮ್ಮಾಂವ!” ಎಂದಳು. ಪುಸ್ತಕ ಓದಿದವನು ನಾನೊಬ್ಬನೇ, ಆದರೆ ಇದು ನನಗೆ ಹೊಳೆದಿರಲಿಲ್ಲ. ಕಾದಂಬರಿಯಲ್ಲಿ ಪಾಟೀಲ ಎಂಬ ವಿಜ್ಞಾನಿಯೂ ಇದ್ದಾನೆ. ಕೇಸರೂರಿಗೆ ಹೊರಗಿನಿಂದ ಬರುವ ಈ ಸರಕಾರಿ ನೌಕರರು ಹೆಸರಿನಿಂದ ಉತ್ತರದ ಕನ್ನಡಿಗರು; ಕನ್ನಡವೇ ಆಡುತ್ತಾರೆ, ಆದರೂ ಊರಿಗೆ ಹೊರಗಿನವರೇ. ಅತ್ತಿ ನಾಲ್ಕನೆಯ ಇಯತ್ತೆಯ ಮೇಲೆ ಶಾಲೆಗೆ ಹೋದವಳಲ್ಲ. 1956ರ ನಂತರ ರಾಯಚೂರಿನ ನೆಂಟರು “ನೀವು ಆಂಧ್ರದವರು” ಎಂದು ಚೇಷ್ಟೆ ಮಾಡುತ್ತಿದ್ದುದನ್ನೂ, ಗದ್ವಾಲಿನವರು “ಕನ್ನಡದವರು” ಎನ್ನುತ್ತಿದ್ದುದನ್ನೂ ಕೇಳಿ ಬೆಳೆದವಳು. ಹೆಸರು ಕೇಳಿ ಊರು ಹಿಡಿಯುವುದು ಅವಳಿಗೆ ಬೇಕಾದ ವಿದ್ಯೆಯಾಗಿತ್ತು. ಕಾರ್ನಾಡರು ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯನ್ನು 1999ರಲ್ಲಿ ಸಿನಿಮಾ ಮಾಡಿದ್ದರು, ಆಮೇಲೆ ಮಗನ ಕಾದಂಬರಿಗೆ ಬಂದರು ಎಂದು ನಾನು ಅಲ್ಲಿ ನನ್ನ ಪಾಂಡಿತ್ಯ ತೋರಿಸುತ್ತಿದ್ದೆ. ಅತ್ತಿಯ ಮಾತಿನ ಮುಂದೆ ಅದು ಸಪ್ಪೆಯಾಯಿತು.

ಅಕ್ಕ ಮಾತಾಡಲಿಲ್ಲ. ಅವಳು ಓದಿದ್ದು ಪೂರಾ ತೆಲುಗು ಮಾಧ್ಯಮದಲ್ಲಿ. ಕನ್ನಡ ಆಡುತ್ತಾಳೆ, ಓದಲು ಬರುವುದಿಲ್ಲ. ತೆಲುಗು ಬಲ್ಲವರಿಗೆ ಕನ್ನಡ ಲಿಪಿ ಎರಡು ವಾರದ ಕೆಲಸ ಎಂದು ನಾವು ಹೇಳುತ್ತಲೇ ಇದ್ದೆವು, ಆ ಎರಡು ವಾರ ಯಾವತ್ತೂ ಬರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಕೇಳಿದಳು: “ಪುಸ್ತಕದಾಗ ಇನ್ನಾ ಏನೇನು ಅದ, ಓದಿ ಹೇಳ್ತಿಯೇನು?” ನನ್ನ ಪ್ರತಿ ರಾಯಚೂರಿನ ಗೆಳೆಯನ ಕೈಯಲ್ಲಿತ್ತು. ತಂದು, ದಿನಾ ರಾತ್ರಿ ಊಟದ ನಂತರ ಹತ್ತು ಹದಿನೈದು ಪುಟದಂತೆ ಓದಿದೆ. ಕಾಕಾನೂ ಬಂದು ಕೂತ, ಕೊಲೆಗಾರ ಪುಸ್ತಕದಲ್ಲಾದರೂ ಸಿಕ್ಕಾನು ಎಂಬ ಆಸೆಯಿಂದ. ನಡುನಡುವೆ ಅಕ್ಕ ತಡೆದು “ಇದು ಟಿ.ವಿ.ಯಾಗ ಇರಲಿಲ್ಲ” ಎನ್ನುವಳು. ಒಮ್ಮೆ ನಾನು ಬೇಸರದಿಂದ ಎರಡು ಪುಟ ಹಾರಿಸಿದೆ. ಹೇಗೋ ಅವಳಿಗೆ ತಿಳಿದುಹೋಯಿತು. ಸಿಟ್ಟಾಗಿ ಪುಸ್ತಕ ಕಸಿದುಕೊಂಡಳು, ಪುಟ ತಿರುವಿದಳು, ಎಲ್ಲಿ ಹಾರಿಸಿದೆನೆಂದು ಹುಡುಕಲು ಬಾರದೆ ಹಾಗೇ ನನ್ನ ಕೈಗೆ ತಿರುಗಿ ಕೊಟ್ಟಳು.

ನಾರಾಯಣಪೇಟೆಯ ಶಾಖೆಯಲ್ಲಿ ನಾನು ಕೌಂಟರಿಗೆ ಕೂತಾಗ ಪಿಂಚಣಿಗೆ ಬರುವ ಕೆಲ ಮುದುಕರು, ನೇಕಾರ ಮನೆತನದ ಅಜ್ಜಿಯರು, ಚೀಟಿಯ ಮೇಲೆ ಕನ್ನಡದಲ್ಲಿ ರುಜು ಹಾಕುತ್ತಾರೆ. ಅವರ ಮಕ್ಕಳ ರುಜು ತೆಲುಗಿನಲ್ಲಿ, ಮೊಮ್ಮಕ್ಕಳದು ಇಂಗ್ಲಿಷಿನಲ್ಲಿ. ಕೃಷ್ಣಾ ಮಂಡಲದ ಕಡೆ ಕನ್ನಡ ಶಾಲೆಗಳಿವೆ, ಅಲ್ಲಿಂದ ಬಂದವರ ರುಜು ಬೇರೆ.

ಅತ್ತಿ ಈಗ ಇಲ್ಲ, ಕಾಕಾನೂ ಇಲ್ಲ. ಕಾಕಾ ಕೊನೆಯವರೆಗೂ ತನ್ನ ತೀರ್ಪು ಬದಲಿಸಲಿಲ್ಲ. 2013ರಲ್ಲಿ ಗದ್ವಾಲಿನಿಂದ ರಾಯಚೂರಿಗೆ ರೈಲು ಶುರುವಾದಾಗ ಮೊದಲ ವಾರವೇ ಹೋಗಿ ಬಂದ, ಚೀಲದಲ್ಲಿ ಮತ್ತೆರಡು ಪತ್ತೇದಾರಿ ಕಾದಂಬರಿ. ಅಕ್ಕನ ಮಗಳು ಹೈದರಾಬಾದಿನಲ್ಲಿ ಓದುತ್ತಿದ್ದಾಳೆ. ಕಳೆದ ಬೇಸಿಗೆಯಲ್ಲಿ ಬಂದಾಗ ಆ ಟೆಲಿಚಿತ್ರ ಈಗ ಎಲ್ಲಿ ನೋಡಲು ಸಿಗುತ್ತದೆ ಎಂದು ಕೇಳಿದಳು. ನಾನು ಕಪಾಟಿನಿಂದ ಪುಸ್ತಕ ತೆಗೆದು ಕೊಟ್ಟೆ. ಮೊದಲ ಪುಟದ ಮೇಲೆ ಬೆರಳಿಟ್ಟು, ತೆಲುಗಿನ ಅಕ್ಷರಗಳಿಗೆ ಹೋಲಿಸುತ್ತ, “ಇದು ‘ಕೆ’ ಅಲ್ಲವಾ ಮಾಮಾ?” ಎಂದಳು.