ಹುಟ್ಟಿದ ಮನೆ, ಬೆಳೆದ ಮಡಿಲು, ಒಪ್ಪಿದ ದೀನ್

ದೀನ್‌ನ ವಿಷಯದಲ್ಲಿ ಯಾರ ಮೇಲೂ ಬಲವಂತ ಸಲ್ಲದು ಎಂದು ಕುರ್‌ಆನ್ ಕಲಿಸುತ್ತದೆ. ಸೂರಃ ಅಲ್ ಬಕರದ 256ನೇ ವಚನದಲ್ಲಿ ಈ ಮಾತಿದೆ ಎಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಸೌಹಾರ್ದ ಸಭೆಗಳಲ್ಲಿ ನಾವು ಅದನ್ನು ಓದುತ್ತೇವೆ. ಅನ್ಯಧರ್ಮೀಯ ಗೆಳೆಯರು ಏನಾದರೂ ಕೇಳಿದಾಗ ಅದನ್ನೇ ಮುಂದಿಡುತ್ತೇವೆ. ಆದರೆ ಅದು ಯಾವ ಸಂದರ್ಭದಲ್ಲಿ ಅವತೀರ್ಣವಾಯಿತು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಮದೀನದ ತಂದೆ ತಾಯಂದಿರು ತಮ್ಮ ಸ್ವಂತ ಮಕ್ಕಳ ವಿಷಯದಲ್ಲಿ ಎತ್ತಿದ ಪ್ರಶ್ನೆಗೆ ಉತ್ತರವಾಗಿ ಅದು ಬಂತು ಎಂಬುದನ್ನು ತಿಳಿದರೆ, ಆ ವಚನ ನಮ್ಮ ಮನೆಯೊಳಗೂ ಮಾತಾಡತೊಡಗುತ್ತದೆ.

ಹರಕೆಯ ಮಕ್ಕಳು

ಹಿಜ್ರತ್‌ಗೆ ಮುಂಚೆ ಮದೀನಕ್ಕೆ ಯಸ್ರಿಬ್ ಎಂದು ಹೆಸರು. ಅಲ್ಲಿ ಔಸ್ ಮತ್ತು ಖಝ್ರಜ್ ಎಂಬ ಎರಡು ಅರಬ್ ಗೋತ್ರಗಳಿದ್ದವು. ಮುಂದೆ ಪ್ರವಾದಿವರ್ಯರಿಗೆ(ಸ) ಆಶ್ರಯ ಕೊಟ್ಟು ಅನ್ಸಾರ್‌ಗಳೆನಿಸಿದವರು ಇವರೇ. ಅವರ ನೆರೆಯಲ್ಲಿ ಬನೂ ಕೈನುಕಾ, ಬನೂ ನಝೀರ್, ಬನೂ ಕುರೈಝ ಎಂಬ ಮೂರು ಯಹೂದಿ ಗೋತ್ರಗಳು ನೆಲೆಸಿದ್ದವು. ಅರಬರು ವಿಗ್ರಹಗಳನ್ನು ಪೂಜಿಸುತ್ತಿದ್ದರು. ಯಹೂದಿಗಳ ಬಳಿ ಗ್ರಂಥವಿತ್ತು, ಶರೀಅತ್ ಇತ್ತು, ಅಕ್ಷರ ಬಲ್ಲ ವಿದ್ವಾಂಸರಿದ್ದರು. ಹಾಗಾಗಿ ಇವರ ಕಣ್ಣಿಗೆ ಅವರು ಒಂದು ಮೆಟ್ಟಿಲು ಮೇಲಿನವರಾಗಿ ಕಾಣುತ್ತಿದ್ದರು.

ಹೆತ್ತ ಮಕ್ಕಳು ಒಂದೂ ಉಳಿಯದ ತಾಯಿಯ ಸಂಕಟ ಎಲ್ಲ ಕಾಲದಲ್ಲೂ ಒಂದೇ. ಯಸ್ರಿಬ್‌ನ ಅಂತಹ ತಾಯಂದಿರು ಒಂದು ಹರಕೆ ಹೊರುತ್ತಿದ್ದರು: ಈ ಮಗು ಬದುಕಿ ಉಳಿದರೆ ಅದನ್ನು ಯಹೂದಿಯನ್ನಾಗಿ ಮಾಡುತ್ತೇನೆ ಎಂದು. ಮಗು ಉಳಿದರೆ ಅದು ಯಹೂದಿಗಳ ನಡುವೆ ಅವರ ದೀನ್‌ನಲ್ಲೇ ಬೆಳೆಯುತ್ತಿತ್ತು. ಇದನ್ನು ಹ. ಇಬ್ನ್ ಅಬ್ಬಾಸ್(ರ) ತಿಳಿಸಿದ್ದಾರೆ. ಇಮಾಮ್ ಅಬೂ ದಾವೂದ್ ತಮ್ಮ ಸುನನ್‌ನಲ್ಲಿ ಅದನ್ನು ದಾಖಲಿಸಿದ್ದಾರೆ. ಔಸ್ ಗೋತ್ರದ ಕೆಲವು ಮಕ್ಕಳು ಬನೂ ನಝೀರ್‌ನ ದಾದಿಯರ ಹಾಲು ಕುಡಿದು ಬೆಳೆದಿದ್ದರು ಎಂದು ತಾಬಿಈ ವಿದ್ವಾಂಸ ಮುಜಾಹಿದ್ ಹೇಳಿದ್ದಾರೆ. ಅಂದರೆ ರಕ್ತ ಅರಬರದು, ಹಾಲು ಯಹೂದಿ ಮನೆಯದು, ನಂಬಿಕೆ ಬೆಳೆದ ಮಡಿಲಿನದು.

ಕ್ರಿ.ಶ. 622ರಲ್ಲಿ ಹಿಜ್ರತ್ ನಡೆಯಿತು. ಹರಕೆ ಹೊತ್ತಿದ್ದ ಮನೆಗಳಿಗೆ ಇಸ್ಲಾಮ್ ಬಂತು. ಆದರೆ ಹರಕೆಯ ಮಕ್ಕಳು ಯಹೂದಿಗಳಾಗಿಯೇ ಉಳಿದರು. ಆರಂಭದಲ್ಲಿ ಇದು ತೊಡಕೆನಿಸಲಿಲ್ಲ. ಪ್ರವಾದಿವರ್ಯರು(ಸ) ಮಾಡಿಸಿದ ಮದೀನದ ಒಪ್ಪಂದದಲ್ಲಿ ಯಹೂದಿಗಳಿಗೆ ಅವರ ದೀನ್, ಮುಸ್ಲಿಮರಿಗೆ ಅವರ ದೀನ್ ಎಂಬುದು ಒಪ್ಪಿತವಾಗಿತ್ತು. ತಂದೆ ತಾಯಿ ಒಂದು ಕೇರಿಯಲ್ಲಿ, ಮಗ ಇನ್ನೊಂದು ಕೇರಿಯಲ್ಲಿ. ಬೇಕೆಂದಾಗ ಹೋಗಿ ನೋಡಿಕೊಂಡು ಬರಬಹುದಿತ್ತು.

ಹಿಜ್ರಿ 4ರಲ್ಲಿ ಪರಿಸ್ಥಿತಿ ಬದಲಾಯಿತು. ಬನೂ ನಝೀರ್‌ನವರು ಕರಾರು ಮುರಿದು ಪ್ರವಾದಿವರ್ಯರ(ಸ) ಹತ್ಯೆಗೆ ಸಂಚು ಹೂಡಿದರು. ಮುತ್ತಿಗೆ ನಡೆದು ಅವರು ಊರು ಬಿಡಬೇಕೆಂದು ತೀರ್ಮಾನವಾಯಿತು. ಆಯುಧ ಬಿಟ್ಟು, ಒಂಟೆಗಳು ಹೊರುವಷ್ಟು ಸಾಮಾನು ಒಯ್ಯಲು ಅನುಮತಿ ಸಿಕ್ಕಿತು. ಹೊರಟವರಲ್ಲಿ ಅನ್ಸಾರ್‌ಗಳ ಮಕ್ಕಳೂ ಇದ್ದರು. ಒಮ್ಮೆ ಖೈಬರ್‌ಗೋ ಶಾಮ್‌ಗೋ ಹೋದರೆ ಮತ್ತೆ ಮುಖ ಕಾಣುವ ಭರವಸೆಯಿಲ್ಲ. ಆಗ ತಂದೆ ತಾಯಂದಿರು, ನಮ್ಮ ಮಕ್ಕಳನ್ನು ನಾವು ಹೋಗಗೊಡುವುದಿಲ್ಲ ಎಂದು ಪಟ್ಟು ಹಿಡಿದರು. ಅವರನ್ನು ಇಸ್ಲಾಮ್‌ಗೆ ಸೇರಿಸಿ ಇಲ್ಲೇ ಉಳಿಸಿಕೊಳ್ಳುವುದು ಅವರ ಆಸೆಯಾಗಿತ್ತು.

ಪ್ರವಾದಿವರ್ಯರು(ಸ) ಕೂಡಲೇ ಉತ್ತರ ಕೊಡದೆ ಮೌನವಾದರು ಎಂದು ಸಈದ್ ಬಿನ್ ಜುಬೈರ್ ಅವರ ವರದಿಯಲ್ಲಿದೆ. ಬಳಿಕ ಈ ವಚನ ಇಳಿಯಿತು. ಆಗ ಅವರು, ಆಯ್ಕೆ ಆ ಮಕ್ಕಳಿಗೇ ಸೇರಿದ್ದು ಎಂದು ತಿಳಿಸಿದರು. ನಿಮ್ಮನ್ನು ಆರಿಸಿದರೆ ಅವರು ನಿಮ್ಮವರು, ಬನೂ ನಝೀರ್‌ನವರನ್ನು ಆರಿಸಿದರೆ ಅವರವರು ಎಂಬುದು ತೀರ್ಪು. ಕೆಲವರು ಉಳಿದರು. ಕೆಲವರು ಒಂಟೆಯ ಸಾಲಿನ ಜೊತೆ ಹೊರಟು ಹೋದರು.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮದೀನದಲ್ಲಿ ಅಧಿಕಾರ ಮುಸ್ಲಿಮರ ಕೈಯಲ್ಲಿತ್ತು. ಎದುರಿಗಿದ್ದದ್ದು ಸೋತ ಗೋತ್ರ. ಕೇಳಿದವರು ಹೆತ್ತವರು, ಅವರ ಉದ್ದೇಶವೂ ಒಳ್ಳೆಯದೇ. ಬಲವಂತಕ್ಕೆ ಇದಕ್ಕಿಂತ ದೊಡ್ಡ ನೆಪ ಬೇಕಿರಲಿಲ್ಲ. ಅಂತಹ ಗಳಿಗೆಯಲ್ಲೇ ಅಲ್ಲಾಹನು ಬಲವಂತದ ಬಾಗಿಲು ಮುಚ್ಚಿದನು. ತಾಯಿಯ ಕಣ್ಣೀರಿಗೂ ಆ ಬಾಗಿಲು ತೆರೆಯಲಿಲ್ಲ.

ಇಮಾಮ್ ತಬರಿಯವರು (ಮರಣ ಹಿ. 310) ಇದೇ ವಚನದ ಹಿನ್ನೆಲೆಯಾಗಿ ಇನ್ನೊಂದು ಘಟನೆಯನ್ನೂ ಉದ್ಧರಿಸಿದ್ದಾರೆ. ಬನೂ ಸಾಲಿಮ್ ಗೋತ್ರದ ಒಬ್ಬ ಅನ್ಸಾರಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಕ್ರೈಸ್ತರು, ತಂದೆ ಮುಸ್ಲಿಮ್. ಮಕ್ಕಳು ತಮ್ಮ ಧರ್ಮ ಬಿಡಲು ಒಪ್ಪುತ್ತಿಲ್ಲ, ಒತ್ತಾಯ ಮಾಡಲೇ ಎಂದು ಆ ತಂದೆ ಕೇಳಿದರು. ಉತ್ತರ ಅದೇ ಆಗಿತ್ತು.

ಈ ವಚನದ ವ್ಯಾಪ್ತಿ ಎಷ್ಟು ಎಂಬ ಬಗ್ಗೆ ಮುಫಸ್ಸಿರರಲ್ಲಿ ಚರ್ಚೆ ನಡೆದಿದೆ. ಇಬ್ನ್ ಕಸೀರ್ (ಮರಣ ಹಿ. 774) ಕೊಟ್ಟ ಕಾರಣ ಸರಳವಾಗಿದೆ: ಇಸ್ಲಾಮಿನ ಪುರಾವೆಗಳು ಸ್ಪಷ್ಟವಾಗಿರುವಾಗ ಯಾರನ್ನೂ ಬಲವಂತವಾಗಿ ಒಳತರುವ ಅಗತ್ಯವಿಲ್ಲ; ಹೃದಯ ತೆರೆಯದವನನ್ನು ಎಳೆತಂದರೆ ಅದರಿಂದ ಅವನಿಗೆ ಪ್ರಯೋಜನವೂ ಇಲ್ಲ. ಹ. ಉಮರ್(ರ) ಅವರ ಬಳಿ ಒಬ್ಬ ಕ್ರೈಸ್ತ ಗುಲಾಮನಿದ್ದನು. ಇಸ್ಲಾಮ್ ಸ್ವೀಕರಿಸಿದರೆ ಮುಸ್ಲಿಮರ ಕೆಲಸಗಳಲ್ಲಿ ನಿನ್ನ ನೆರವು ಪಡೆಯುತ್ತೇನೆ ಎಂದು ಅವರು ಅವನಿಗೆ ಹೇಳುತ್ತಿದ್ದರು. ಅವನು ಒಪ್ಪಲಿಲ್ಲ. ಉಮರ್(ರ) ಇದೇ ವಚನ ಓದಿ ಸುಮ್ಮನಾದರು. ಮರಣ ಸಮೀಪಿಸಿದಾಗ ಅವನನ್ನು ಬಿಡುಗಡೆ ಮಾಡಿ, ಇಷ್ಟ ಬಂದಲ್ಲಿಗೆ ಹೋಗು ಎಂದರು.

ಸಿದ್ದೀಕರ ಮನೆ

ತಂದೆ ತಾಯಿ ಒಳ್ಳೆಯವರಾದರೆ ಮಕ್ಕಳು ತಾನಾಗಿ ದಾರಿಗೆ ಬರುತ್ತಾರೆ, ಬಾರದಿದ್ದರೆ ಅದು ಹೆತ್ತವರದೇ ತಪ್ಪು ಎಂದು ಜನ ಸುಲಭವಾಗಿ ತೀರ್ಪು ಕೊಡುತ್ತಾರೆ. ಹ. ಅಬೂಬಕರ್ ಸಿದ್ದೀಕ್(ರ) ಅವರ ಮನೆಯನ್ನೊಮ್ಮೆ ನೋಡೋಣ. ಗಂಡಸರಲ್ಲಿ ಮೊದಲು ಇಸ್ಲಾಮ್ ಸ್ವೀಕರಿಸಿದವರ ಸಾಲಿನಲ್ಲಿ ಅವರಿದ್ದಾರೆ. ಆದರೆ ಅವರ ಮಗ ಅಬ್ದುರ್ರಹ್ಮಾನ್ ಹಿಜ್ರಿ 2ರಲ್ಲಿ ಬದ್ರ್ ಯುದ್ಧ ನಡೆದಾಗ ಕುರೈಶರ ಪಾಳೆಯದಲ್ಲಿದ್ದರು. ಅವರು ಉಮ್ಮುಲ್ ಮುಅ್‌ಮಿನೀನ್ ಆಯಿಶಾ(ರ) ಅವರ ಒಡಹುಟ್ಟಿದ ಅಣ್ಣ; ಇಬ್ಬರಿಗೂ ತಾಯಿ ಉಮ್ಮು ರೂಮಾನ್(ರ). ಒಂದೇ ತಂದೆ, ಒಂದೇ ತಾಯಿ, ಆದರೂ ಎರಡು ದಾರಿ. ಹುದೈಬಿಯ್ಯದ ಕಾಲಕ್ಕೆ ಅಬ್ದುರ್ರಹ್ಮಾನ್(ರ) ಇಸ್ಲಾಮಿಗೆ ಬಂದರು.

ಅಬೂಬಕರ್(ರ) ಅವರ ತಂದೆ ಅಬೂ ಕುಹಾಫ ಇನ್ನೂ ತಡವಾಗಿ, ಹಿಜ್ರಿ 8ರಲ್ಲಿ ಮಕ್ಕಾ ವಿಜಯವಾದಾಗ ಇಸ್ಲಾಮ್ ಸ್ವೀಕರಿಸಿದರು. ಮಗ ಮುಸ್ಲಿಮನಾಗಿ ಸುಮಾರು ಇಪ್ಪತ್ತು ವರ್ಷವಾಗಿತ್ತು. ನಡುವಿನ ವರ್ಷಗಳಲ್ಲಿ ಆ ಮನೆಯವರು ಅಜ್ಜನನ್ನು ಹೇಗೆ ನೋಡಿಕೊಂಡರು? ಹಿಜ್ರತ್‌ನ ವೇಳೆ ಅಬೂಬಕರ್(ರ) ತಮ್ಮಲ್ಲಿದ್ದ ಹಣವನ್ನೆಲ್ಲ ಜೊತೆಗೆ ಒಯ್ದಿದ್ದರು. ಕಣ್ಣು ಕಾಣದ ಅಬೂ ಕುಹಾಫ ಮನೆಗೆ ಬಂದು, ನಿಮ್ಮನ್ನು ಬರಿಗೈಯಲ್ಲಿ ಬಿಟ್ಟು ಹೋದನೇ ಎಂದು ಚಿಂತಿಸಿದರು. ಮೊಮ್ಮಗಳು ಅಸ್ಮಾ(ರ) ಹಣವಿಡುವ ಗೂಡಿನಲ್ಲಿ ಕಲ್ಲುಗಳನ್ನಿಟ್ಟು, ಬಟ್ಟೆ ಮುಚ್ಚಿ, ಅಜ್ಜನ ಕೈ ಹಿಡಿದು ಮುಟ್ಟಿಸಿದರು. ಮುದುಕರು ಸಮಾಧಾನದಿಂದ ಮರಳಿದರು. ಅಜ್ಜ ಇನ್ನೂ ವಿಗ್ರಹಾರಾಧಕರು ಎಂಬುದು ಆ ಹುಡುಗಿಯ ಕರುಣೆಗೆ ಅಡ್ಡ ಬರಲಿಲ್ಲ.

ಮಕ್ಕಾ ವಿಜಯದ ದಿನ ಅಬೂಬಕರ್(ರ) ತಂದೆಯನ್ನು ಪ್ರವಾದಿವರ್ಯರ(ಸ) ಬಳಿಗೆ ಕರೆತಂದರು. ಹಿರಿಯರನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ, ನಾನೇ ಅಲ್ಲಿಗೆ ಬರುತ್ತಿದ್ದೆ ಎಂದು ಪ್ರವಾದಿವರ್ಯರು(ಸ) ಹೇಳಿದರು. ಇಪ್ಪತ್ತು ವರ್ಷ ದೂರ ನಿಂತಿದ್ದ ವೃದ್ಧರಿಗೆ ಸಿಕ್ಕಿದ ಸ್ವಾಗತವದು.

ತಾಯಿ ಬೇರೆ ದೀನ್‌ನಲ್ಲಿದ್ದರೆ

ಅಸ್ಮಾ(ರ) ಅವರ ತಾಯಿ ಕುತೈಲ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಜಾಹಿಲಿಯ್ಯದ ಕಾಲದಲ್ಲೇ ಅಬೂಬಕರ್(ರ) ಅವರಿಂದ ಬೇರೆಯಾಗಿದ್ದರು. ಕುರೈಶರೊಂದಿಗೆ ಸಂಧಿಯಿದ್ದ ಕಾಲದಲ್ಲಿ ಅವರು ಮಗಳನ್ನು ಕಾಣಲು ತುಪ್ಪ, ಒಣಗಿಸಿದ ಮೊಸರು ಮುಂತಾದ ಉಡುಗೊರೆ ಹೊತ್ತು ಮದೀನಕ್ಕೆ ಬಂದರು. ಅಸ್ಮಾ(ರ) ಅವರಿಗೆ ಅಳುಕು. ಉಡುಗೊರೆ ತೆಗೆದುಕೊಳ್ಳಲಿಲ್ಲ, ಒಳಗೂ ಕರೆಯಲಿಲ್ಲ. ಮೊದಲು ಪ್ರವಾದಿವರ್ಯರಲ್ಲಿ(ಸ) ಕೇಳಿಸಿದರು. ತಾಯಿಯೊಂದಿಗೆ ಸಂಬಂಧ ಉಳಿಸಿಕೋ ಎಂಬ ಉತ್ತರ ಬಂತು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಹದೀಸ್‌ನ ಮೂಲವಿದೆ.

ಹ. ಸಅದ್ ಬಿನ್ ಅಬೀ ವಕ್ಕಾಸ್(ರ) ಅವರದು ಇದಕ್ಕಿಂತ ಕಠಿಣ ಪರೀಕ್ಷೆ. ಮಗ ಇಸ್ಲಾಮ್ ಬಿಡುವ ತನಕ ಅನ್ನ ನೀರು ಮುಟ್ಟುವುದಿಲ್ಲ, ಮಾತೂ ಆಡುವುದಿಲ್ಲ ಎಂದು ತಾಯಿ ಆಣೆ ಹಾಕಿದರು. ಮೂರು ದಿನ ಕಳೆದು ಪ್ರಜ್ಞೆ ತಪ್ಪಿ ಬಿದ್ದರು. ಸಅದ್(ರ) ದೀನ್ ಬಿಡಲಿಲ್ಲ. ಈ ಸಂದರ್ಭದ ವಚನಗಳು ಎರಡು ಮಾತುಗಳನ್ನು ಜೊತೆಜೊತೆಗೆ ಕಲಿಸುತ್ತವೆ: ಶಿರ್ಕ್ ಮಾಡೆಂದು ಹೆತ್ತವರು ಒತ್ತಾಯಿಸಿದರೆ ಕೇಳಬೇಡ, ಆದರೆ ಲೋಕದ ಬಾಳಿನಲ್ಲಿ ಅವರೊಡನೆ ಚೆನ್ನಾಗಿ ನಡೆದುಕೋ. ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆಯುವವರು ಕುರ್‌ಆನಿನ ಅರ್ಧವನ್ನು ಮಾತ್ರ ಪಾಲಿಸುತ್ತಾರೆ.

ಇನ್ನು ಉಮ್ಮುಲ್ ಮುಅ್‌ಮಿನೀನ್ ಸಫಿಯ್ಯ(ರ). ಮದೀನ ಬಿಟ್ಟು ಹೋದ ಅದೇ ಬನೂ ನಝೀರ್‌ನ ನಾಯಕ ಹುಯೈ ಬಿನ್ ಅಖ್ತಬ್‌ನ ಮಗಳು. ಹಿಜ್ರಿ 7ರಲ್ಲಿ ಖೈಬರ್‌ನ ಬಳಿಕ ಪ್ರವಾದಿವರ್ಯರ(ಸ) ಪತ್ನಿಯಾದರು. ಒಮ್ಮೆ ಅವರನ್ನು ಯಹೂದಿಯ ಮಗಳೆಂದು ಚುಚ್ಚಲಾಯಿತು. ಅಳುತ್ತಿದ್ದ ಅವರಿಗೆ ಪ್ರವಾದಿವರ್ಯರು(ಸ) ನೆನಪಿಸಿದ್ದು ಇಷ್ಟು: ನೀನು ಪ್ರವಾದಿಯ ವಂಶದವಳು, ನಿನ್ನ ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನಲ್ಲೂ ಪ್ರವಾದಿ ಇದ್ದಾರೆ, ನಿನ್ನ ಪತಿಯೂ ಪ್ರವಾದಿ. ಹ. ಹಾರೂನ್(ಅ) ಮತ್ತು ಹ. ಮೂಸಾ(ಅ) ಅವರನ್ನು ಉದ್ದೇಶಿಸಿದ ಮಾತದು. ಹುಟ್ಟಿದ ಮನೆ ಅವರಿಗೆ ಕಳಂಕವಾಗಲಿಲ್ಲ.

ಸಫಿಯ್ಯ(ರ) ತಮ್ಮ ಕೊನೆಗಾಲದಲ್ಲಿ ಆಸ್ತಿಯ ಮೂರನೇ ಒಂದು ಭಾಗವನ್ನು ಯಹೂದಿಯಾಗಿಯೇ ಉಳಿದಿದ್ದ ತಮ್ಮ ಸಹೋದರಿಯ ಮಗನಿಗೆ ವಸಿಯ್ಯತ್ ಮಾಡಿದರು. ಧರ್ಮ ಬೇರೆಯಾದರೆ ವಾರಸುದಾರಿಕೆ ಇಲ್ಲ ಎಂಬುದು ಶರೀಅತ್‌ನ ನಿಯಮ. ಆದರೆ ಮೂರನೇ ಒಂದರ ಮಿತಿಯೊಳಗೆ ವಸಿಯ್ಯತ್ ಮಾಡಬಹುದು. ಅದನ್ನು ಕೊಡಲು ಜನ ಹಿಂದೇಟು ಹಾಕಿದಾಗ ಆಯಿಶಾ(ರ), ಅಲ್ಲಾಹನನ್ನು ಭಯಪಟ್ಟು ಅವನ ಪಾಲು ಅವನಿಗೆ ಕೊಡಿ ಎಂದು ಹೇಳಿಕಳಿಸಿದರೆಂದು ಇಬ್ನ್ ಸಅದ್ ಬರೆದಿದ್ದಾರೆ.

ನಮ್ಮ ಪಾಲಿನ ಕೆಲಸ

ಹಾಗಾದರೆ ಮಕ್ಕಳ ತರ್ಬಿಯತ್ ಏಕೆ, ಅವರು ಬೇಕಾದ್ದು ಆರಿಸಿಕೊಳ್ಳಲಿ ಎಂದು ಬಿಟ್ಟುಬಿಡೋಣವೇ? ಖಂಡಿತ ಇಲ್ಲ. ಪ್ರತಿ ಮಗು ಫಿತ್ರತ್‌ನ ಮೇಲೆ ಹುಟ್ಟುತ್ತದೆ, ಆಮೇಲೆ ಅದನ್ನು ಒಂದೊಂದು ದಾರಿಗೆ ಹಚ್ಚುವವರು ತಂದೆ ತಾಯಿ ಎಂಬ ಅರ್ಥದ ಹದೀಸ್ ಪ್ರಸಿದ್ಧವಾಗಿದೆ. ಹರಕೆಯ ಮಕ್ಕಳ ಕಥೆಯೇ ಅದಕ್ಕೆ ಸಾಕ್ಷಿ. ಮಡಿಲಿನ ಪ್ರಭಾವ ಅಷ್ಟು ದೊಡ್ಡದು. ಬಾಲ್ಯದಲ್ಲಿ ಆ ಮಡಿಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಪ್ರಾಯಕ್ಕೆ ಬಂದ ಮೇಲೆ ಬಲವಂತದಿಂದ ಮರಳಿ ಪಡೆಯಲು ಹೊರಟರೆ ಆಗದು. ಇಂದು ಮಗುವಿನ ಕೈಗೆ ಮೊಬೈಲ್ ಕೊಟ್ಟು ಮಡಿಲು ಖಾಲಿ ಮಾಡಿಕೊಳ್ಳುವ ಮನೆಗಳು ಇದನ್ನು ಯೋಚಿಸಬೇಕು.

ಶಾಲೆಯ ದಾಖಲೆಯಲ್ಲಿ ಇಸ್ಲಾಮ್ ಎಂದು ಬರೆಸುವುದು, ಒಳ್ಳೆಯ ಹೆಸರಿಡುವುದು, ಮದ್ರಸಕ್ಕೆ ಕಳಿಸುವುದು ನಮ್ಮ ಕೈಯಲ್ಲಿದೆ. ಈಮಾನ್ ಹೃದಯದೊಳಗೆ ಇಳಿಯುವುದು ಅಲ್ಲಾಹನ ಕೈಯಲ್ಲಿದೆ. ಹ. ನೂಹ್(ಅ) ಅವರ ಮಗ ಹಡಗು ಹತ್ತಲಿಲ್ಲ. ಹ. ಇಬ್ರಾಹೀಮ್(ಅ) ಅವರ ತಂದೆ ವಿಗ್ರಹ ಬಿಡಲಿಲ್ಲ. ಹ. ಯಾಕೂಬ್(ಅ) ಮರಣಶಯ್ಯೆಯಲ್ಲಿ ಮಕ್ಕಳನ್ನು ಸೇರಿಸಿ, ನನ್ನ ನಂತರ ಯಾರನ್ನು ಆರಾಧಿಸುವಿರಿ ಎಂದು ಕೇಳಿದರು. ಪ್ರವಾದಿಯಾಗಿದ್ದರೂ ಪ್ರಶ್ನೆ ಕೇಳಿ, ಮಕ್ಕಳ ಬಾಯಿಂದಲೇ ಉತ್ತರ ಬರಲು ಕಾದರು. ನಮ್ಮಲ್ಲಿ ಎಷ್ಟು ತಂದೆಯಂದಿರು ಹದಿನೆಂಟು ತುಂಬಿದ ಮಗನೊಂದಿಗೆ ಕುಳಿತು, ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಕೇಳಿದ್ದಾರೆ?

ಮಸೀದಿಯ ಇಮಾಮರ ಬಳಿ ಎರಡು ಬಗೆಯ ಜನ ಬರುತ್ತಾರೆ. ನಮಾಝ್ ಬಿಟ್ಟ ಮಗನನ್ನು ಮನೆಯಿಂದ ಹೊರಹಾಕಲೇ ಎಂದು ಕೇಳುವ ತಂದೆ ಒಬ್ಬ. ಇಸ್ಲಾಮ್ ಸ್ವೀಕರಿಸಿ, ಕಾಯಿಲೆ ಬಿದ್ದ ತಾಯಿಯ ಮನೆಗೆ ಹೋಗಬಹುದೇ ಎಂದು ಅಳುಕುವ ತರುಣ ಇನ್ನೊಬ್ಬ. ಇಬ್ಬರಿಗೂ ಮದೀನದಲ್ಲಿ ಉತ್ತರವಿದೆ. ತಂದೆಯೇ, ಬಾಗಿಲು ಮುಚ್ಚಬೇಡಿ; ಅಬೂಬಕರ್(ರ) ಅವರ ಮಗ ಬದ್ರ್‌ನ ಎದುರು ಪಾಳೆಯದಿಂದ ಮರಳಿ ಬಂದರು. ಮಗನೇ, ಈಗಲೇ ಹೊರಡು; ಆಸ್ಪತ್ರೆಯ ಖರ್ಚು ನೋಡಿಕೋ, ತಾಯಿಯ ಕಾಲು ಒತ್ತು. ಅಸ್ಮಾ(ರ) ಅವರಿಗೆ ಸಿಕ್ಕಿದ ಅನುಮತಿ ನಿನಗೂ ಇದೆ.

ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ, ದಾರಿ ತಪ್ಪಿದವರನ್ನು ಮರಳಿ ಕರೆತರಲಿ, ಅವರು ಬರುವ ತನಕ ಕಾಯುವ ತಾಳ್ಮೆಯನ್ನು ನಮಗೆ ಕೊಡಲಿ. ಆಮೀನ್.