ಮೂರು ಹೆಸರಿನ ಒಂದು ಹಡಗು

ನಮ್ಮ ಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಯಾವುದೇ ಯುದ್ಧದ ಪಾಠ ಮುಗಿದ ಮೇಲೆ, "ಇದನ್ನು ಬರೆದವರು ಯಾರ ಕಡೆಯವರು?" ಎಂದು ಕೇಳುತ್ತಿದ್ದರು. ಪರೀಕ್ಷೆಗೆ ಬಾರದ ಪ್ರಶ್ನೆಯಾದ್ದರಿಂದ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ ನನಗೆ ಹಳೆಯ ಹಾಯಿಹಡಗುಗಳ ಚರಿತ್ರೆ ಓದುವ ಗೀಳು ಹತ್ತಿತು. ಅಂಥ ಒಂದು ಹಡಗಿನ ಕಥೆ ಓದುವಾಗ ಮೇಷ್ಟ್ರ ಪ್ರಶ್ನೆ ನೆನಪಾಯಿತು. ಸುವರ್ಣ ಮಹೋತ್ಸವದ ಸಂಚಿಕೆಗೆ ಆ ಕಥೆಯನ್ನೇ ಬರೆಯುತ್ತಿದ್ದೇನೆ.

ಹಡಗಿನ ಮೊದಲ ಹೆಸರು ಮೆಡಿಯಾ. ಸ್ಪೇನ್ ದೇಶದ ಫೆರೋಲ್ ಬಂದರಿನಲ್ಲಿ ಕಟ್ಟಿ 1797ರಲ್ಲಿ ನೀರಿಗಿಳಿಸಿದ ಫ್ರಿಗೇಟ್ ಅದು. ಫ್ರಿಗೇಟ್ ಎಂದರೆ ನೌಕಾಪಡೆಯ ದೊಡ್ಡ ಯುದ್ಧನೌಕೆಗಳಿಗಿಂತ ಚಿಕ್ಕದಾದ, ವೇಗವಾಗಿ ಓಡುವ ಹಡಗು.

1804ರ ಆಗಸ್ಟ್‌ನಲ್ಲಿ ದಕ್ಷಿಣ ಅಮೆರಿಕದ ಮಾಂಟೆವಿಡಿಯೋದಿಂದ ನಾಲ್ಕು ಸ್ಪ್ಯಾನಿಷ್ ಫ್ರಿಗೇಟುಗಳು ಊರಿಗೆ ಹೊರಟವು: ಮೆಡಿಯಾ, ಫಾಮಾ, ಕ್ಲಾರಾ ಮತ್ತು ಮರ್ಸಿಡಿಸ್. ಒಡಲಲ್ಲಿ ಬೆಳ್ಳಿ, ಬಂಗಾರದ ನಾಣ್ಯಗಳಿದ್ದವು. ಊರಿಗೆ ಮರಳುವ ಸಂಸಾರಗಳೂ ಇದ್ದವು. ಮೆಡಿಯಾದಲ್ಲಿ ದಳಪತಿ ಬುಸ್ತಮಾಂತೆ ಇದ್ದ. ಅವನ ಕೈಕೆಳಗಿನ ಅಧಿಕಾರಿ ಕಾಯಿಲೆ ಬಿದ್ದದ್ದರಿಂದ, ಹೆಂಡತಿ ಮಕ್ಕಳೊಂದಿಗೆ ಮರಳುತ್ತಿದ್ದ ದಿಯೆಗೊ ದೆ ಅಲ್ವಿಯಾರ್ ಎಂಬ ಅಧಿಕಾರಿಯನ್ನು ಆ ಜಾಗಕ್ಕೆ ಹಾಕಿದರು. ಆತ ಕಾರ್ಲೋಸ್ ಎಂಬ ಒಬ್ಬ ಮಗನನ್ನು ಕರೆದುಕೊಂಡು ಮೆಡಿಯಾಕ್ಕೆ ಬಂದ. ಹೆಂಡತಿ, ಉಳಿದ ಮಕ್ಕಳು ಮರ್ಸಿಡಿಸ್‌ನಲ್ಲೇ ಉಳಿದರು.

ಆಗ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧ ನಡೆದಿತ್ತು. ಸ್ಪೇನ್ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ನೆಪೋಲಿಯನ್ನನಿಗೆ ಹಣ ಕೊಡುತ್ತಿತ್ತು. ಈ ಬೆಳ್ಳಿಯೂ ಅವನಿಗೇ ಹೋದೀತು ಎಂಬುದು ಬ್ರಿಟನ್ನಿನ ಭಯ. ಅಕ್ಟೋಬರ್ 5ರಂದು ಪೋರ್ಚುಗಲ್ಲಿನ ದಕ್ಷಿಣ ತೀರದಾಚೆ ನಾಲ್ಕು ಬ್ರಿಟಿಷ್ ಫ್ರಿಗೇಟುಗಳು ಇವರಿಗೆ ಅಡ್ಡ ಬಂದವು. ಅವುಗಳ ದಳಪತಿ ಗ್ರಹಾಂ ಮೂರ್, "ನಿಮ್ಮನ್ನು ತಡೆದು ಒಯ್ಯಲು ಆಜ್ಞೆಯಾಗಿದೆ" ಎಂದು ಹೇಳಿ ಕಳಿಸಿದ. ಬುಸ್ತಮಾಂತೆ ಒಪ್ಪಲಿಲ್ಲ. ಗುಂಡಿನ ಕಾಳಗ ಶುರುವಾದ ಸ್ವಲ್ಪ ಹೊತ್ತಿಗೇ ಮರ್ಸಿಡಿಸ್‌ನ ಮದ್ದಿನ ಕೋಣೆ ಸಿಡಿಯಿತು. ಸುಮಾರು 250 ಜನ ಸತ್ತರು. ಅಲ್ವಿಯಾರ್ ಮತ್ತು ಕಾರ್ಲೋಸ್ ಮೆಡಿಯಾದಿಂದ ಅದನ್ನು ಕಣ್ಣಾರೆ ನೋಡಿದರು. ಆ ಸಂಸಾರದಲ್ಲಿ ಉಳಿದವರು ಆ ಇಬ್ಬರೇ.

ಮಿಕ್ಕ ಮೂರು ಹಡಗುಗಳೂ ಸೆರೆಯಾದವು. ಸ್ಪೇನ್ ಯುದ್ಧ ಘೋಷಿಸಿದ್ದು ಇದಾದ ಮೇಲೆ, ಡಿಸೆಂಬರ್‌ನಲ್ಲಿ. ಬ್ರಿಟನ್ನಿನ ಸಂಸತ್ತಿನಲ್ಲೇ ಈ ಕೃತ್ಯಕ್ಕೆ ಆಕ್ಷೇಪ ಬಂತು. ಯುದ್ಧವಿಲ್ಲದಾಗ ಹಿಡಿದ ಮಾಲಾದ್ದರಿಂದ ಅದು ನಾವಿಕರ ಕೊಳ್ಳೆಯಲ್ಲ, ಸರ್ಕಾರದ್ದು ಎಂದು ತೀರ್ಮಾನವಾಯಿತು. ನಾವಿಕರಿಗೆ ಒಂದು ಪಾಲನ್ನು ಇನಾಮಿನಂತೆ ಕೊಟ್ಟರು.

ನಮಗೆ ಪರಿಚಿತನಾದ ಒಬ್ಬ ವ್ಯಕ್ತಿ ಇಲ್ಲಿ ಹಾದುಹೋಗುತ್ತಾನೆ. ಅಂದು ಅಡ್ಡಗಟ್ಟಿದ ಬ್ರಿಟಿಷ್ ಫ್ರಿಗೇಟುಗಳಲ್ಲಿ ಮೆಡೂಸಾ ಒಂದು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್ ಎರಡನೆಯ ಸಲ ಗವರ್ನರ್ ಜನರಲ್ ಆಗಿ 1805ರಲ್ಲಿ ಕಲ್ಕತ್ತೆಗೆ ಬಂದದ್ದು ಇದೇ ಮೆಡೂಸಾದಲ್ಲಿ. ಆ ವರ್ಷದ ಅಕ್ಟೋಬರ್ 5ರಂದು, ಮರ್ಸಿಡಿಸ್ ಸಿಡಿದು ಸರಿಯಾಗಿ ಒಂದು ವರ್ಷಕ್ಕೆ, ಆತ ಗಾಜೀಪುರದಲ್ಲಿ ತೀರಿಕೊಂಡ.

ಸೆರೆಯಾದ ಮೆಡಿಯಾಕ್ಕೆ ಬ್ರಿಟಿಷರು ಮೊದಲು ಇಫಿಜೀನಿಯಾ ಎಂದು ಹೆಸರಿಟ್ಟರು. 1805ರಲ್ಲಿ ಅದನ್ನೂ ಬದಲಿಸಿ ಇಂಪೀರಿಯೂಸ್ ಎಂದರು. 1806ರಲ್ಲಿ ಥಾಮಸ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಧೀರ ಅದರ ಕಪ್ತಾನನಾದ. ಮುಂದೆ ಕಾದಂಬರಿಕಾರನಾಗಿ ಹೆಸರಾದ ಫ್ರೆಡರಿಕ್ ಮ್ಯಾರಿಯಟ್ ತನ್ನ 14ನೆಯ ವಯಸ್ಸಿನಲ್ಲಿ ಅದೇ ಹಡಗಿಗೆ ಸೇರಿದ. ತಯಾರಿ ಮುಗಿಯುವ ಮೊದಲೇ ಮೇಲಧಿಕಾರಿ ಹಡಗನ್ನು ಸಮುದ್ರಕ್ಕೆ ಅಟ್ಟಿದ್ದರಿಂದ ಮೊದಲ ಯಾನದಲ್ಲೇ ಅದು ಫ್ರಾನ್ಸಿನ ತೀರದ ಬಂಡೆಗೆ ಬಡಿಯಿತು. ಆಮೇಲೆ ನೋಡಿದರೆ ದಿಕ್ಸೂಚಿಯ ಪಕ್ಕದಲ್ಲೇ ಕಬ್ಬಿಣವಿತ್ತು, ಮುಳ್ಳು ತಪ್ಪು ದಿಕ್ಕು ತೋರಿಸಿತ್ತು.

1808ರ ಆರಂಭದಲ್ಲಿ ಇಂಪೀರಿಯೂಸ್ ತಾನು ಹುಟ್ಟಿದ ಸ್ಪೇನಿನ ಕರಾವಳಿಯ ಮೇಲೆಯೇ ದಾಳಿ ಮಾಡುತ್ತಿತ್ತು. ಮೇ ತಿಂಗಳಲ್ಲಿ ಮ್ಯಾಡ್ರಿಡ್ಡಿನ ಜನ ನೆಪೋಲಿಯನ್ನನ ಸೈನ್ಯದ ಮೇಲೆ ದಂಗೆಯೆದ್ದರು. ಕೆಲವೇ ವಾರಗಳಲ್ಲಿ ಸ್ಪೇನ್ ಬ್ರಿಟನ್ನಿನ ಮಿತ್ರದೇಶವಾಯಿತು. ಇನ್ನು ಆ ಹಡಗಿನ ಕೆಲಸ ಸ್ಪೇನನ್ನು ಕಾಯುವುದು.

ಆ ವರ್ಷ ಕಾಕ್ರೇನ್ ಮಾಡಿದ ಒಂದು ಕೆಲಸ ನನ್ನಂಥ ಸಾಫ್ಟ್‌ವೇರಿನವನಿಗೆ ಬಹಳ ಇಷ್ಟ. ಫ್ರೆಂಚರು ತೀರದುದ್ದಕ್ಕೂ ಕಂಬ ನೆಟ್ಟು ಸಂಕೇತಗಳಿಂದ ಸುದ್ದಿ ಕಳಿಸುತ್ತಿದ್ದರು. ಅವನ ಜನ ಆ ಠಾಣೆಗಳನ್ನು ನಾಶ ಮಾಡಿ, ಸಂಕೇತದ ಪುಸ್ತಕಗಳನ್ನು ಎತ್ತಿಕೊಂಡು, ಬೇರೆ ಕಾಗದಗಳನ್ನು ಅರೆಬರೆ ಸುಟ್ಟು ಬಿಟ್ಟುಬಂದರು. ಪುಸ್ತಕಗಳೂ ಸುಟ್ಟವೆಂದು ನಂಬಿದ ಫ್ರೆಂಚರು ಸಂಕೇತ ಬದಲಿಸಲಿಲ್ಲ. ಪಾಸ್‌ವರ್ಡ್ ಕಳುವಾದದ್ದಕ್ಕಿಂತ, ಕಳುವಾದದ್ದು ಗೊತ್ತಾಗದಿರುವುದೇ ದೊಡ್ಡ ಅಪಾಯ ಎಂಬ ಪಾಠ 200 ವರ್ಷ ಹಳೆಯದು.

ನವೆಂಬರ್‌ನಲ್ಲಿ ರೋಸಾಸ್ ಎಂಬ ಸ್ಪ್ಯಾನಿಷ್ ಪಟ್ಟಣಕ್ಕೆ ಫ್ರೆಂಚರು ಮುತ್ತಿಗೆ ಹಾಕಿದರು. ಕಾಕ್ರೇನ್ ತನ್ನ ನಾವಿಕರೊಂದಿಗೆ ಅಲ್ಲಿನ ಟ್ರಿನಿಡಾಡ್ ಕೋಟೆಯೊಳಗೆ ಹೊಕ್ಕು ಡಿಸೆಂಬರ್ 5ರವರೆಗೆ ಅದನ್ನು ಹಿಡಿದು ನಿಂತ. ಗೋಡೆ ಒಡೆದ ಕಡೆ, ಒಳನುಗ್ಗಿದವರು ಜಾರಿ ಬೀಳಲೆಂದು ಹಲಗೆಗಳಿಗೆ ಜಿಡ್ಡು ಬಳಿಸಿದ. ಗುಂಡಿಗೆ ಕಂದಕಕ್ಕೆ ಬಿದ್ದ ಸ್ಪೇನಿನ ಬಾವುಟವನ್ನು ತಾನೇ ಇಳಿದು ಎತ್ತಿ ತಂದೆನೆಂದು ಬರೆದುಕೊಂಡಿದ್ದಾನೆ. ಸ್ಪೇನಿನಿಂದ ಕಿತ್ತುಕೊಂಡ ಹಡಗಿನ ಕಪ್ತಾನ ಸ್ಪೇನಿನ ಬಾವುಟಕ್ಕಾಗಿ ಜೀವ ಒಡ್ಡಿದ್ದ.

1809ರ ಏಪ್ರಿಲ್‌ನಲ್ಲಿ, ಫ್ರಾನ್ಸಿನ ಬಾಸ್ಕ್ ಕೊಲ್ಲಿಯಲ್ಲಿ ಇಂಪೀರಿಯೂಸ್ ಫ್ರೆಂಚ್ ನೌಕಾಪಡೆಯ ಮೇಲೆ ಬಿತ್ತು. ಅಲ್ಲಿ ಅದು ಎದುರಿಸಿದ ಒಂದು ಫ್ರೆಂಚ್ ಹಡಗಿನ ಹೆಸರು ಕಲ್ಕತ್ತಾ. ಅದು 1805ರಲ್ಲಿ ಫ್ರೆಂಚರು ಸೆರೆಹಿಡಿದ ಬ್ರಿಟಿಷ್ ಹಡಗು! ಸ್ಪೇನಿನ ಹಡಗು ಬ್ರಿಟನ್ನಿನ ಹೆಸರಲ್ಲಿ, ಬ್ರಿಟನ್ನಿನ ಹಡಗು ಫ್ರಾನ್ಸಿನ ಹೆಸರಲ್ಲಿ ಹೊಡೆದಾಡಿದವು. ಮರಕ್ಕೆ ದೇಶವೆಲ್ಲಿದೆ?

1818ರಲ್ಲಿ ಇಂಪೀರಿಯೂಸ್ ಸಮುದ್ರಯಾನ ನಿಲ್ಲಿಸಿತು. ಅದನ್ನು ಶೀರ್‌ನೆಸ್ ಬಂದರಿನಲ್ಲಿ ಲಂಗರು ಹಾಕಿ, ನಾವು ಕೊರೊನಾ ಕಾಲದಲ್ಲಿ ಕಲಿತ ಶಬ್ದದಲ್ಲಿ ಹೇಳುವುದಾದರೆ, ಕ್ವಾರಂಟೈನ್ ಹಡಗಾಗಿ ಇಟ್ಟರು. 1838ರಲ್ಲಿ ಮಾರಿಬಿಟ್ಟರು.

ನೀರಿನಡಿಯ ಮರ್ಸಿಡಿಸ್ ಮಾತ್ರ ಮತ್ತೆ ಸುದ್ದಿಯಾಯಿತು. 2007ರಲ್ಲಿ ಅಮೆರಿಕದ ಒಂದು ಕಂಪನಿ ಅದರ 5 ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಮೇಲೆತ್ತಿತು. ಸ್ಪೇನ್ ದಾವೆ ಹೂಡಿತು. ಬೆಳ್ಳಿ ನಮ್ಮ ನೆಲದ್ದು ಎಂದು ಪೆರು ದೇಶವೂ ಹಕ್ಕು ಕೇಳಿತು. ಅಮೆರಿಕದ ನ್ಯಾಯಾಲಯ ಅದು ಸ್ಪೇನಿನ ಯುದ್ಧನೌಕೆ ಎಂದು ಎತ್ತಿಹಿಡಿಯಿತು. 2012ರಲ್ಲಿ ನಾಣ್ಯಗಳು ಸ್ಪೇನಿಗೆ ಮರಳಿದವು. ಪೆರುವಿಗೆ ಏನೂ ಸಿಗಲಿಲ್ಲ.

ನಾನು ಓದಿದ ಪುಸ್ತಕಗಳಲ್ಲಿ ಕಾಕ್ರೇನನ ಸಾಹಸಗಳಿಗೆ ಅಧ್ಯಾಯಗಳೇ ಮೀಸಲು. ಅವನ ಆತ್ಮಕಥೆಯಿದೆ, ಮ್ಯಾರಿಯಟ್‌ನ ಬರಹಗಳಿವೆ. ಹಡಗು ಎಲ್ಲಿಂದ ಬಂತೆಂಬುದಕ್ಕೆ ಮಾತ್ರ "1804ರಲ್ಲಿ ಸ್ಪೇನಿನಿಂದ ವಶ" ಎಂಬ ಒಂದೇ ಸಾಲು. ಆ ಒಂದು ಸಾಲಿನೊಳಗೆ ಒಬ್ಬ ತಾಯಿ, ಅವಳ ಮಕ್ಕಳು, ಇನ್ನೂ ಎಷ್ಟೋ ಜನ ಮುಳುಗಿದ್ದಾರೆ. ಅಂದು ಬದುಕುಳಿದ ಬಾಲಕ ಕಾರ್ಲೋಸ್ ದಕ್ಷಿಣ ಅಮೆರಿಕಕ್ಕೆ ಮರಳಿ, ಸ್ಪೇನಿನ ಆಳ್ವಿಕೆಯ ವಿರುದ್ಧವೇ ಹೋರಾಡಿ, ಅರ್ಜೆಂಟೀನಾದ ಚರಿತ್ರೆಯಲ್ಲಿ ಸೇರಿಹೋದ.

ಕಾಕ್ರೇನನ ಕಥೆ ಓದುವುದನ್ನು ನಾನೇನೂ ಬಿಟ್ಟಿಲ್ಲ. ಆದರೆ "ವಶ" ಎಂಬ ಮಾತು ಬಂದಾಗಲೆಲ್ಲ ಈಗ ಓದು ನಿಲ್ಲುತ್ತದೆ. ಮೇಷ್ಟ್ರ ಪ್ರಶ್ನೆಗೆ ಆಗ ತರಗತಿಯಲ್ಲಿ ಯಾರೂ ಕೈ ಎತ್ತಿರಲಿಲ್ಲ. ತಡವಾಗಿಯಾದರೂ ನನ್ನ ಉತ್ತರವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.