ಡಿಎನ್‌ಎ ಹಿಡಿಯುವ ಪ್ರೋಟೀನ್‌ಗೆ ಆರ್‌ಎನ್‌ಎ ನಂಟು

ಜೀವಕೋಶದಲ್ಲಿ ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ನಿರ್ಧರಿಸುವಲ್ಲಿ ಪ್ರತಿಲೇಖನ ನಿಯಂತ್ರಕ ಪ್ರೋಟೀನ್‌ಗಳ ಪಾತ್ರ ದೊಡ್ಡದು. ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎ ರೂಪಕ್ಕೆ ನಕಲು ಮಾಡುವ ಕ್ರಿಯೆಯೇ ಪ್ರತಿಲೇಖನ. ಈ ಪ್ರೋಟೀನ್‌ಗಳು ಡಿಎನ್‌ಎಗೆ ಅಂಟಿಕೊಂಡು ಆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ ಇಲ್ಲವೇ ತಡೆಯುತ್ತವೆ ಎಂದೇ ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಮಾತು ತಪ್ಪಲ್ಲ, ಆದರೆ ಅಪೂರ್ಣ. ಇವುಗಳಲ್ಲಿ ಅನೇಕವು ಆರ್‌ಎನ್‌ಎಯನ್ನೂ ಹಿಡಿಯಬಲ್ಲವು.

ಇದರ ಮೊದಲ ಸುಳಿವು ದೊರೆತದ್ದು ಜೆನೋಪಸ್ ಎಂಬ ಆಫ್ರಿಕಾದ ಕಪ್ಪೆಯ ಅಂಡಾಣುವಿನಲ್ಲಿ. ಅಲ್ಲಿನ ಟಿಎಫ್‌-3ಎ ಎಂಬ ಪ್ರೋಟೀನ್, ಸುಮಾರು 120 ಘಟಕಗಳಷ್ಟು ಉದ್ದದ 5ಎಸ್ ಆರ್‌ಎನ್‌ಎಯನ್ನು ತಯಾರಿಸುವ ವಂಶವಾಹಿಗೆ ಅಂಟಿ ಅದನ್ನು ಚಾಲನೆಗೊಳಿಸುತ್ತದೆ. ಅದೇ ಪ್ರೋಟೀನ್ ಹೀಗೆ ತಯಾರಾದ ಆರ್‌ಎನ್‌ಎಗೂ ಅಂಟುತ್ತದೆಂದು 1980ರಲ್ಲಿ ಪೆಲ್ಹಮ್ ಮತ್ತು ಬ್ರೌನ್ ತೋರಿಸಿದರು. ಆರ್‌ಎನ್‌ಎ ಹೆಚ್ಚಾದಂತೆ ಪ್ರೋಟೀನ್ ಅದರೊಡನೆಯೇ ಸಿಲುಕಿಕೊಳ್ಳುತ್ತದೆ. ವಂಶವಾಹಿಯ ಪಾಲಿಗೆ ಉಳಿಯುವುದು ಕಡಿಮೆ. ಸರಕು ತುಂಬಿದಾಗ ಕಾರ್ಖಾನೆ ತಾನಾಗಿಯೇ ನಿಧಾನಗೊಳ್ಳುವ ವ್ಯವಸ್ಥೆಯಂತಿದು. 1985ರಲ್ಲಿ ಆರನ್ ಕ್ಲುಗ್ ತಂಡ ಈ ಪ್ರೋಟೀನ್‌ನಲ್ಲಿ ಸತುವಿನ ಅಯಾನುಗಳ ಆಸರೆಯಿರುವ ಒಂಬತ್ತು 'ಬೆರಳು'ಗಳನ್ನು ಗುರುತಿಸಿತು. ಡಿಎನ್‌ಎಯ ಹಿಡಿತಕ್ಕೆ ಮೊದಲ ಮೂರು ಬೆರಳುಗಳು ಮುಖ್ಯವಾದರೆ, ಆರ್‌ಎನ್‌ಎಗೆ ನಾಲ್ಕರಿಂದ ಆರನೆಯವು ಮುಖ್ಯ.

ಹಣ್ಣುನೊಣದ ಭ್ರೂಣದಲ್ಲಿ ಬೈಕಾಯ್ಡ್ ಎಂಬ ನಿಯಂತ್ರಕವು ಕಾಡಲ್ ಎಂಬ ವಂಶವಾಹಿಯ ಆರ್‌ಎನ್‌ಎಗೆ ಅಂಟಿ, ಮುಂಭಾಗದಲ್ಲಿ ಆ ಪ್ರೋಟೀನ್ ತಯಾರಾಗದಂತೆ ತಡೆಯುತ್ತದೆಂಬುದು 1996ರಲ್ಲಿ ತಿಳಿಯಿತು.

ಇವೆಲ್ಲ ಅಪವಾದಗಳೆಂದೇ ಬಹುಕಾಲ ಭಾವಿಸಲಾಗಿತ್ತು. ಆದರೆ 2023ರಲ್ಲಿ ಅಮೆರಿಕದ ರಿಚರ್ಡ್ ಯಂಗ್ ತಂಡವು ಸುಮಾರು ಅರ್ಧದಷ್ಟು ನಿಯಂತ್ರಕಗಳು ಆರ್‌ಎನ್‌ಎಗೆ ಅಂಟಬಲ್ಲವೆಂದು ವರದಿ ಮಾಡಿತು. ಎಚ್‌ಐವಿ ವೈರಸ್‌ನ ಟ್ಯಾಟ್ ಪ್ರೋಟೀನ್ ವೈರಸ್‌ನ ಆರ್‌ಎನ್‌ಎಯನ್ನು ಹಿಡಿಯಲು ಬಳಸುವಂತಹ, ಆರ್ಜಿನಿನ್ ಹೇರಳವಾಗಿರುವ ಭಾಗವೇ ಇವುಗಳಲ್ಲೂ ಕಂಡುಬಂದಿತು. ಆರ್ಜಿನಿನ್‌ಗೆ ಧನ ವಿದ್ಯುದಂಶ, ಆರ್‌ಎನ್‌ಎಗೆ ಋಣ, ಆಕರ್ಷಣೆ ಸಹಜ.

ಈ ನಂಟು ವೈದ್ಯರಿಗೂ ಮುಖ್ಯ. ಅನೇಕ ಸ್ತನ ಕ್ಯಾನ್ಸರ್‌ಗಳನ್ನು ಬೆಳೆಸುವ ಈಸ್ಟ್ರೋಜನ್ ಗ್ರಾಹಕವೂ ಇಂಥದೇ ಒಂದು ನಿಯಂತ್ರಕ. ಅದು ಆರ್‌ಎನ್‌ಎಗೂ ಅಂಟುತ್ತದೆ, ಗಡ್ಡೆಯ ಕೋಶಗಳು ಉಳಿದುಕೊಳ್ಳಲು ಮತ್ತು ಟ್ಯಾಮಾಕ್ಸಿಫೆನ್ ಔಷಧಕ್ಕೆ ಬಗ್ಗದಿರಲು ಆ ಅಂಟುವಿಕೆ ನೆರವಾಗುತ್ತದೆ ಎಂದು 2021ರ ಅಧ್ಯಯನವೊಂದು ತೋರಿಸಿದೆ. ಟ್ಯಾಮಾಕ್ಸಿಫೆನ್ ತಡೆಯುವುದು ಗ್ರಾಹಕದಲ್ಲಿ ಹಾರ್ಮೋನ್ ಕೂರುವ ಜಾಗವನ್ನು. ಆರ್‌ಎನ್‌ಎ ಹಿಡಿಯುವ ಜಾಗ ಬೇರೆಯೇ ಇದೆ.